ಆಳುಗುಂಡಿಗೆ ಆಳು ಇಳೀಲೇಬೇಕಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಪತ್ರ ಒಂದೇ ವಿಷಯದ ಸುತ್ತಮುತ್ತ ಇದ್ವು. ರಸ್ತೆಯ ಆಳುಗುಂಡಿ, ಅಂದ್ರೆ ಮ್ಯಾನ್‌ಹೋಲ್, ಅದರ ಮುಚ್ಚಳ, ಅದರಡಿಯ ಚರಂಡಿ, ಮನೆ ಹಿಂದಿನ ಗುಂಡಿ. ನಾನು ಕೆಲಸದಲ್ಲಿದ್ದಾಗ ಮೂವತ್ತು ವರ್ಷ ಬೇರೆ ಬೇರೆ ಊರಲ್ಲಿ ಇದೇ ಒಳಚರಂಡಿ ಲೈನು ನೋಡ್ಕೊಂಡವನು, ಹಂಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಕೊಟ್ಟಿದೀನಿ. ಉಳಿದವರ ಪ್ರಶ್ನೆ ಮುಂದಿನ ತಿಂಗಳು.

ಪ್ರಶ್ನೆ: ಸಾರ್ ನಮಸ್ಕಾರ. ಗೋಣಿಕೊಪ್ಪ ಹತ್ತಿರ ನಮ್ಮದು ಸ್ವಲ್ಪ ಕಾಫಿ ತೋಟ. ಮಗಳು ಲಂಡನ್ನಲ್ಲಿ ಕೆಲಸದಲ್ಲಿದಾಳೆ, ಈ ಸಲ ಕುಯ್ಲು ಮುಗಿಸಿ ನಾನೂ ಮನೆಯವಳೂ ಹೋಗಿ ಒಂದು ತಿಂಗಳಿದ್ದು ಬಂದ್ವಿ, ನಡುವೆ ನಾಲ್ಕು ದಿನ ರೋಮ್ ಸುತ್ತಿದ್ವಿ. ಎಲ್ಲರೂ ತಲೆ ಎತ್ತಿ ಗೋಪುರ ನೋಡ್ತಿದ್ರೆ ನನಗೆ ಯಾಕೋ ರಸ್ತೆಲಿರೋ ಕಬ್ಬಿಣದ ಮುಚ್ಚಳದ ಮೇಲೇ ಕಣ್ಣು, ಫೋನಲ್ಲಿ 180 ಮುಚ್ಚಳದ ಫೋಟೋ ಉಂಟು, ಕೆಲವು ಕಳಿಸಿದೀನಿ. ರೋಮಲ್ಲಿ ಎಷ್ಟೋ ಮುಚ್ಚಳದ ಮೇಲೆ ಎಸ್‌ಪಿಕ್ಯೂಆರ್ ಅಂತ ಬರೆದಿತ್ತು, ಏನದು? ಲಂಡನ್ ಫುಟ್‌ಪಾತಲ್ಲಿ ಊಟದ ತಟ್ಟೆಯಷ್ಟೇ ಸಣ್ಣ ಮುಚ್ಚಳ ಇದ್ವು, ಅದರಲ್ಲಿ ಮನುಷ್ಯ ಹೆಂಗೆ ಇಳೀತಾನೆ? ಇವೆಲ್ಲ ದುಂಡಗೇ ಯಾಕೆ? ಅಡಿಯಲ್ಲಿರೋದು 150 ವರ್ಷ ಹಳೇದು ಅಂತ ಮಗಳು ಹೇಳಿದ್ಲು, ಅಷ್ಟು ಬಾಳಿಕೆ ಬರತ್ತಾ? ನಮ್ಮ ಮಡಿಕೇರಿಗೆ ಅಂಥದ್ದು ಯಾಕೆ ಆಗಲ್ಲ?

ಉತ್ತರ: ನಿಮ್ಮ ಫೋಟೋ ಎಲ್ಲಾ ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ, ಬಹಳ ಖುಷಿಯಾಯ್ತು. ತಟ್ಟೆಯಷ್ಟು ಸಣ್ಣದಿದೆಯಲ್ಲ, ಅದು ಒಳಚರಂಡಿದೇ ಅಲ್ಲ. ಹಿಂದೆ ಲಂಡನ್ನಿನ ಮನೆಗಳಲ್ಲಿ ಚಳಿಗೆ ಕಲ್ಲಿದ್ದಲು ಉರಿಸ್ತಿದ್ರು, ಕಲ್ಲಿದ್ದಲು ಇಡೋ ಕೋಣೆ ಫುಟ್‌ಪಾತಿನ ಅಡಿಯಲ್ಲೇ ಇರ್ತಿತ್ತು, ಗಾಡಿಯವನು ಬಂದು ಆ ತೂತಿಂದ ಮೂಟೆ ಸುರಿದು ಹೋಗ್ತಿದ್ದ, ಮನೆಯೊಳಗೆ ಮಸಿ ಬೀಳ್ತಿರಲಿಲ್ಲ. ಒಂದಡಿ ಅಗಲ ಇಟ್ಟಿದ್ದು ಯಾಕಂದ್ರೆ ಕಳ್ಳ ನುಸುಳಬಾರದು ಅಂತ. 1956ರಲ್ಲಿ ಹೊಗೆಗೆ ಕಡಿವಾಣ ಹಾಕೋ ಕಾನೂನು ಬಂದ ಮೇಲೆ ಕಲ್ಲಿದ್ದಲು ಉರಿಸೋದು ಕಡಿಮೆಯಾಗ್ತಾ ಬಂತು, ಮುಚ್ಚಳ ಮಾತ್ರ ಹಂಗೇ ಉಳೀತು. ಎಸ್‌ಪಿಕ್ಯೂಆರ್ ಅಂದ್ರೆ ಲ್ಯಾಟಿನಲ್ಲಿ 'ರೋಮಿನ ಸೆನೆಟ್ ಮತ್ತು ಜನ' ಅನ್ನೋದರ ಮೊದಲಕ್ಷರಗಳು. ಹಳೇ ರೋಮಿನ ರಾಜ್ಯದ ಗುರುತು ಅದು, ಈಗಿನ ನಗರಸಭೆಯವರೂ ಅದನ್ನೇ ಇಟ್ಕೊಂಡಿದಾರೆ. ಆ ಊರಲ್ಲಿ ಕ್ಲೋಅಕಾ ಮ್ಯಾಕ್ಸಿಮಾ ಅಂತ ಒಂದು ದೊಡ್ಡ ಚರಂಡಿ ಇದೆ, ಎರಡೂವರೆ ಸಾವಿರ ವರ್ಷದ ಹಿಂದೆ ಶುರುವಾದದ್ದು, ಟೈಬರ್ ನದಿಗೆ ಅದರ ಬಾಯಿ ಇವತ್ತಿಗೂ ಕಾಣತ್ತೆ. ಹಳೇದು ಅಂದ್ರೆ ನಮ್ಮ ಕಡೆಯೂ ಕಡಿಮೆ ಇಲ್ಲ, ಮೊಹೆಂಜೊದಾರೊ, ಲೋಥಲ್ ಊರುಗಳಲ್ಲಿ ನಾಲ್ಕು ಸಾವಿರ ವರ್ಷದ ಹಿಂದೆಯೇ ಬೀದಿ ಪಕ್ಕ ಇಟ್ಟಿಗೆ ಚರಂಡಿ ಕಟ್ಟಿ ಮೇಲೆ ಇಟ್ಟಿಗೆ, ಚಪ್ಪಡಿ ಮುಚ್ಚಿದ್ರು, ಬೇಕಾದಾಗ ಎತ್ತಿ ಕೆಸರು ತೆಗೀಬಹುದಿತ್ತು.

ದುಂಡಗೆ ಯಾಕೆ ಅನ್ನೋದಕ್ಕೆ ನಿಮ್ಮ ತೋಟದ ಬಾವಿ ನೆನಪು ಮಾಡ್ಕೊಳ್ಳಿ. ಬಾವಿ ದುಂಡಗೆ ತೋಡಿದ್ರೆ ಸುತ್ತಲಿನ ಮಣ್ಣು ಎಲ್ಲಾ ಕಡೆಯಿಂದ ಒಂದೇ ಸಮ ಒತ್ತತ್ತೆ, ಒತ್ತಿದಷ್ಟೂ ಕಲ್ಲು ಕಲ್ಲು ಬಿಗಿಯಾಗತ್ತೆ, ಚೌಕ ತೋಡಿದ್ರೆ ಗೋಡೆ ನಡುವಲ್ಲಿ ಹೊಟ್ಟೆ ಬಂದು ಕುಸಿಯತ್ತೆ. ಆಳುಗುಂಡಿನೂ ಒಂದು ಸಣ್ಣ ಬಾವಿನೇ. ಗುಂಡಿ ದುಂಡಗಿದ್ದ ಮೇಲೆ ಮುಚ್ಚಳವೂ ದುಂಡಗಿರೋದೇ ಸಲೀಸು. ಇನ್ನೊಂದು ಕಾರಣ ಎಲ್ಲರೂ ಹೇಳೋದು, ದುಂಡನೆ ಮುಚ್ಚಳ ಹೆಂಗೆ ತಿರುಗಿಸಿದ್ರೂ ತನ್ನ ಬಾಯೊಳಗೆ ಬೀಳಲ್ಲ. 60 ಸೆಂಟಿಮೀಟರ್ ಚೌಕದ ಮುಚ್ಚಳ ಆದ್ರೆ ಅದರ ಮೂಲೆಯಿಂದ ಮೂಲೆಗೆ ಸುಮಾರು 85 ಸೆಂಟಿಮೀಟರ್ ಜಾಗ ಸಿಗತ್ತೆ, ಸ್ವಲ್ಪ ಓರೆಯಾದ್ರೆ ಸಾಕು, ಸೀದಾ ಒಳಗೆ, ಕೆಳಗೆ ಯಾರಾದ್ರೂ ಇದ್ರೆ ಅವರ ತಲೆ ಮೇಲೆ. ಲಾರಿ ಓಡೋ ರಸ್ತೆಯ ಬೀಡಿನ, ಅಂದ್ರೆ ಎರಕದ ಕಬ್ಬಿಣದ ಮುಚ್ಚಳ ನೂರು ಕೆಜಿ ಮುಟ್ಟತ್ತೆ, ಇಬ್ಬರು ಸೇರಿದ್ರೂ ಎತ್ತೋದು ಕಷ್ಟ, ಆದ್ರೆ ಅಂಚಿನ ಮೇಲೆ ನಿಲ್ಲಿಸಿದ್ರೆ ಗಾಲಿ ಥರ ಉರುಳಿಸಿಕೊಂಡು ಹೋಗಬಹುದು. ಮೇಲಿನ ಉಬ್ಬು ಡಿಸೈನು ಚೆಂದಕ್ಕೆ ಅಂತ ನಿಮಗನ್ನಿಸಿರಬಹುದು, ಅದು ಮಳೇಲಿ ಟೈರು ಜಾರದ ಹಾಗೆ ಮಾಡಿದ್ದು. ನಿಮ್ಮ ಒಂದು ಫೋಟೋದಲ್ಲಿ ಡಿ400 ಅಂತ ಕಾಣ್ತಿದೆ ನೋಡಿ, 400 ಕಿಲೋನ್ಯೂಟನ್, ಅಂದ್ರೆ ಸುಮಾರು 40 ಟನ್ ಭಾರ ಇಟ್ಟು ಟೆಸ್ಟ್ ಮಾಡಿದ್ದು ಅಂತ ಅರ್ಥ. ಫುಟ್‌ಪಾತಿಗೆ ಅದೇ ಅಕ್ಷರ ಬಿ ಅಂತಲೋ ಎ ಅಂತಲೋ ಇರತ್ತೆ, ಭಾರ ಕಡಿಮೆ. ಇಂಥ ಮುಚ್ಚಳ ನಮ್ಮ ದೇಶದಿಂದಲೂ ಹೊರಗೆ ಹೋಗತ್ತೆ, ನ್ಯೂಯಾರ್ಕಿನ ರಸ್ತೆಲಿ ಮೇಡ್ ಇನ್ ಇಂಡಿಯಾ ಅಂತ ಬರೆದ ಮುಚ್ಚಳ ಬೇಕಾದಷ್ಟು ಇವೆ. ಕೋಲ್ಕತ್ತದ ಪಕ್ಕದ ಹೌರಾದ ಫೌಂಡ್ರಿಗಳಲ್ಲಿ ಎರಕ ಹೊಯ್ದದ್ದು, ಅಲ್ಲಿ ಬರಿಗಾಲಲ್ಲಿ, ಬರಿ ಮೈಯಲ್ಲಿ ಕರಗಿದ ಕಬ್ಬಿಣ ಹೊರೋ ಕೆಲಸಗಾರರ ಫೋಟೋ 2007ರಲ್ಲಿ ಅಮೆರಿಕದ ಪತ್ರಿಕೆಯಲ್ಲೇ ಬಂದಿತ್ತು. ಮುಚ್ಚಳ ನೋಡಿದಾಗೆಲ್ಲ ನನಗೆ ಆ ಕಾಲು ನೆನಪಾಗತ್ತೆ.

ಇನ್ನು 150 ವರ್ಷದ ಮಾತು. ನಿಮ್ಮ ಮಗಳು ಹೇಳಿದ್ದು ಸರಿ. ಲಂಡನ್ನಲ್ಲಿ 1848-49ರ ಕಾಲರಾ ಒಂದರಲ್ಲೇ 14,000ಕ್ಕೂ ಹೆಚ್ಚು ಜನ ಸತ್ರು. ಆಗ ಎಲ್ಲರೂ ಕೆಟ್ಟ ವಾಸನೆಯಿಂದ ರೋಗ ಬರತ್ತೆ ಅಂತ ನಂಬಿದ್ರು, ಜಾನ್ ಸ್ನೋ ಅನ್ನೋ ಡಾಕ್ಟರು ಮಾತ್ರ ನೀರಿಂದ ಅಂತ ಹೇಳ್ತಾ ಬಂದ್ರು, 1854ರಲ್ಲಿ ಬ್ರಾಡ್ ಸ್ಟ್ರೀಟಿನ ಕೈಪಂಪಿನ ಸುತ್ತಲೇ ಸಾವು ಗುಂಪಾಗಿರೋದನ್ನ ತೋರಿಸಿ ಅದರ ಹ್ಯಾಂಡಲ್ ತೆಗೆಸಿದ್ರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರ್ತು ಅಂದ್ರೆ ದಡದಲ್ಲೇ ಇದ್ದ ಪಾರ್ಲಿಮೆಂಟಿನ ಪರದೆಗಳನ್ನ ಬ್ಲೀಚಿಂಗ್ ಪೌಡರ್ ನೀರಲ್ಲಿ ಅದ್ದಿ ಕಟ್ಟಬೇಕಾಯ್ತು. ಆಮೇಲೆ ಜೋಸೆಫ್ ಬಜಲ್ಜೆಟ್ ಅನ್ನೋ ಎಂಜಿನಿಯರಿಗೆ ಕೆಲಸ ಕೊಟ್ರು, ಆತ ನದಿಗೆ ಸಮಾನಾಂತರವಾಗಿ 132 ಕಿಲೋಮೀಟರ್ ದೊಡ್ಡ ಇಟ್ಟಿಗೆ ಸೀವರು, ಅಂದ್ರೆ ನೆಲದಡಿಯ ಒಳಚರಂಡಿ ಕಟ್ಟಿಸಿದ, 31 ಕೋಟಿಗೂ ಹೆಚ್ಚು ಇಟ್ಟಿಗೆ ಹೋಯ್ತು. ಅಲ್ಲಿನ ಎಷ್ಟೋ ಸೀವರು ಮೊಟ್ಟೆ ಆಕಾರ, ಚೂಪು ತುದಿ ಕೆಳಗೆ, ಅದು ಬಹಳ ಜಾಣತನದ ಕೆಲಸ. ನೀರು ಕಡಿಮೆ ಇದ್ದಾಗ ಕಿರಿದಾದ ತಳದಲ್ಲಿ ಜೋರಾಗಿ ಓಡತ್ತೆ, ಹೇಸಿಗೆ ಕೂರಲ್ಲ, ಮಳೆ ಬಂದ್ರೆ ಮೇಲಿನ ಅಗಲ ಜಾಗ ಉಂಟು. ನೀರು ಸೆಕೆಂಡಿಗೆ ಎರಡಡಿಯಾದ್ರೂ ಓಡಬೇಕು, ಇಲ್ಲಾಂದ್ರೆ ಮರಳು ತಳಕ್ಕೆ ಕೂತು ಲೈನು ಕಟ್ಕೊಳತ್ತೆ, ಇದು ಇವತ್ತಿಗೂ ನಾವು ಹಾಕೋ ಲೆಕ್ಕ.

ಆದ್ರೂ ಅದೂ ಮುದಿಯಾಗಿದೆ. ಅಲ್ಲಿ ಮಳೆ ನೀರು, ಹೇಸಿಗೆ ನೀರು ಎರಡೂ ಒಂದೇ ಸೀವರಲ್ಲಿ, ಜೋರು ಮಳೆ ಬಂದ್ರೆ ತುಂಬಿ ಹೆಚ್ಚಿದ್ದೆಲ್ಲ ನದಿಗೇ ಹೋಗ್ತಿತ್ತು, ಅದನ್ನ ಹಿಡಿಯೋಕೆ ಅಂತಲೇ ಥೇಮ್ಸ್ ಅಡಿಯಲ್ಲಿ 25 ಕಿಲೋಮೀಟರ್ ಉದ್ದ, 7 ಮೀಟರಿಗೂ ಹೆಚ್ಚು ಅಗಲದ ಹೊಸ ಸುರಂಗ ಕೊರೆದು 2025ರಲ್ಲಿ ಪೂರ್ತಿ ಜೋಡಿಸಿದ್ರು. ಇಟ್ಟಿಗೆ ಬಾಳಿಕೆ ಬಂತು, ಊರು ಅದಕ್ಕಿಂತ ದೊಡ್ಡದಾಯ್ತು. ಕೋಲ್ಕತ್ತದಲ್ಲೂ 1870ರ ದಶಕದ ಇಟ್ಟಿಗೆ ಸೀವರು ಉಂಟು, ಆಳು ನಿಂತು ನಡೆಯುವಷ್ಟು ದೊಡ್ಡವು, ಈಚೆಗೆ ಕೆಲವಕ್ಕೆ ಒಳಗಡೆಯಿಂದ ಫೈಬರ್ ಗ್ಲಾಸಿನ ಕವಚ ಹಾಕಿ ಜೀವ ಉಳಿಸಿದಾರೆ. ಇಟ್ಟಿಗೆಗಿಂತ ಬೇಗ ಸಾಯೋದು ನಡುವೆ ಬಂದ ಸಿಮೆಂಟು ಪೈಪು. ಹೇಸಿಗೆ ನೀರು ನಿಂತಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ಕೊಳೆತ ಮೊಟ್ಟೆ ವಾಸನೆಯ ಗ್ಯಾಸು ಹುಟ್ಟತ್ತೆ, ಅದು ಪೈಪಿನ ಮೇಲ್ಭಾಗದ ಪಸೆಗೆ ಅಂಟತ್ತೆ, ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಗಂಧಕಾಮ್ಲ ಮಾಡತ್ತೆ, ಆಮ್ಲ ಸಿಮೆಂಟು ತಿನ್ನತ್ತೆ. ನಾನು ಒಂದೂರಲ್ಲಿ ರಸ್ತೆ ಕುಸಿದಾಗ ಅಗೆಸಿ ತೆಗೆದ ಪೈಪು ನೋಡಿದೀನಿ, ನೀರಿನಡಿ ಇದ್ದ ಅರ್ಧ ಹೊಸದರ ಹಂಗೆ ಗಟ್ಟಿ, ಮೇಲಿನ ಅರ್ಧಕ್ಕೆ ಸ್ಕ್ರೂಡ್ರೈವರ್ ಚುಚ್ಚಿದ್ರೆ ಒದ್ದೆ ಸುಣ್ಣಕ್ಕೆ ಚುಚ್ಚಿದ ಹಂಗೆ ಹಿಡಿವರೆಗೂ ಇಳೀತು, ಕೈಗೆ ಬಿಳಿ ಹಿಟ್ಟು ಬಂತು. ಮೇಲೆ ಬಸ್ಸು ಓಡ್ತಿದ್ದ ರಸ್ತೆ ಅದು. ಸುಟ್ಟ ಜೇಡಿಯ ಸ್ಟೋನ್‌ವೇರ್ ಪೈಪನ್ನ ಈ ಆಮ್ಲ ಮುಟ್ಟಲ್ಲ, ಆದ್ರೆ ಅದರ ಜಾಯಿಂಟಲ್ಲಿ ಆಲದ ಬೇರು ಕೂದಲೆಳೆಯಷ್ಟು ನುಸುಳಿ ಒಳಗೆ ಹೋಗಿ ಜಡೆಯಷ್ಟು ದಪ್ಪ ಆಗತ್ತೆ.

ಮಡಿಕೇರಿಗೆ ಯಾಕೆ ಆಗಲ್ಲ ಅಂತ ಕೇಳಿದೀರಿ. ಆಗಲ್ಲ ಅಂತಿಲ್ಲ, ಕಷ್ಟ ಜಾಸ್ತಿ. ಒಳಚರಂಡಿಗೆ ಬೇಕಾಗಿರೋದು ಹದವಾದ ಇಳಿಜಾರು. ಬಯಲುಸೀಮೆಯಲ್ಲಿ ಇಳಿಜಾರು ಸಾಲದೆ ಪಂಪು ಹಾಕಬೇಕು, ನಮ್ಮಲ್ಲಿ ಅತಿಯಾಗಿ ನೀರು ಪೈಪನ್ನೇ ಕೊರೆಯತ್ತೆ, ಸೆಕೆಂಡಿಗೆ 3 ಮೀಟರ್ ದಾಟಬಾರದು ಅಂತ ನಿಯಮ. ಹಂಗಾಗಿ ಗುಡ್ಡದ ಊರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಪ್ರತಿ ಮೆಟ್ಟಿಲಿಗೂ ಒಂದು ಡ್ರಾಪ್ ಮ್ಯಾನ್‌ಹೋಲ್, ಅಂದ್ರೆ ನೀರು ಎತ್ತರದಿಂದ ಧುಮುಕದೆ ಪಕ್ಕದ ಪೈಪಲ್ಲಿ ಇಳಿದು ಮುಂದೆ ಹೋಗೋ ಹಾಗೆ. ಅದೂ ಅಲ್ಲದೆ ಪೈಪು ತಿರುಗೋ ಕಡೆ, ಕೂಡೋ ಕಡೆ, ನೆಟ್ಟಗಿದ್ರೂ 30 ಮೀಟರಿಗೊಂದು ಆಳುಗುಂಡಿ ಬೇಕು. ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ, 2018ರ ಆಗಸ್ಟಲ್ಲಿ ಗುಡ್ಡಗಳೇ ಜಾರಿದ್ದು ನೋಡಿದೀವಿ, ಅಂಥ ಮಣ್ಣಲ್ಲಿ ಹೂತ ಪೈಪು ಒಂದಿಂಚು ಕದಲಿದ್ರೂ ಜಾಯಿಂಟು ಬಿಡತ್ತೆ. ಮಡಿಕೇರಿ, ಕುಶಾಲನಗರ ಎರಡರಲ್ಲೂ ಒಳಚರಂಡಿಗೆ ರಸ್ತೆ ಅಗೆದದ್ದು ನೀವೂ ಕಂಡಿದೀರಿ. ಆದ್ರೆ ಜಿಲ್ಲೆಯಲ್ಲಿ ಬಹುಪಾಲು ಮನೆಗೆ ಇವತ್ತಿಗೂ ಹಿತ್ತಲ ಗುಂಡಿಯೇ ಆಧಾರ, ಗುಂಡಿಗೆ ಹೋಗದೆ ಉಳಿದದ್ದು ತೆರೆದ ಚರಂಡಿಗೆ, ಚರಂಡಿಯಿಂದ ಕೊಲ್ಲಿಗೆ, ಅಂದ್ರೆ ಸಣ್ಣ ತೊರೆಗೆ. ಪೇಟೆಯ ಕೊಳಚೆ ಅಬ್ಬಿ ಫಾಲ್ಸಿನ ತೊರೆ ಸೇರೋದು ಪೇಪರಲ್ಲಿ ಎಷ್ಟು ಸಲ ಬಂದಿಲ್ಲ. ಆ ನೀರು ಹಾರಂಗಿ, ಹಾರಂಗಿಯಿಂದ ಕಾವೇರಿ. ಕೆಳಗೆ ಬೆಂಗಳೂರಿಗೆ 1974ರಿಂದ ಇದೇ ಕಾವೇರಿಯನ್ನ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ಒಯ್ತಾರೆ, ಅಲ್ಲಿ ಬಳಸಿದ ಮೇಲೆ ಒಂದು ಪಾಲು ವೃಷಭಾವತಿಗೆ ಇಳಿದು ಅರ್ಕಾವತಿ ಸೇರಿ ಕನಕಪುರದಾಚೆ ಸಂಗಮದಲ್ಲಿ ಮತ್ತೆ ಕಾವೇರಿಗೇ ಬರತ್ತೆ. ತಲಕಾವೇರಿಯಲ್ಲಿ ತೀರ್ಥ ಅಂತ ಬೊಗಸೆಯಲ್ಲಿ ಹಿಡಿಯೋ ನೀರಿನ ದಾರಿ ಇದು. ನಾವು ಮೇಲೆ ಕೂತವರು, ಹೊಳೆ ಮೊದಲು ಮುಟ್ಟೋರು, ಇದು ನನಗೆ ನಿದ್ದೆ ಕೆಡಿಸೋ ವಿಷಯ.

ನಿಮ್ಮ ಪತ್ರದಲ್ಲಿ 'ಮನುಷ್ಯ ಹೆಂಗೆ ಇಳೀತಾನೆ' ಅಂತ ಒಂದು ಮಾತಿದೆ ನೋಡಿ, ಅದನ್ನ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕನ್ನಡದಲ್ಲಿ ಸರ್ಕಾರಿ ಕಾಗದದಲ್ಲೆಲ್ಲ ಇದಕ್ಕೆ ಆಳುಗುಂಡಿ ಅಂತಲೇ ಬರೀತಾರೆ. ತೋಟಕ್ಕೆ ಆಳು ಸಿಗ್ತಿಲ್ಲ ಅಂತ ನಾವು ದಿನಾ ಹೇಳೋ ಅದೇ ಆಳು. ಅದರ ಮುಂದಿನ ಮಾತು ಕೆಳಗಿನ ಉತ್ತರದಲ್ಲಿದೆ.

ಪ್ರಶ್ನೆ: ನಾನು ವಿರಾಜಪೇಟೆಯಲ್ಲಿ ಬಿಎಸ್ಸಿ ಓದ್ತಿದೀನಿ ಸಾರ್. ಗುಂಡಿ ಕ್ಲೀನ್ ಮಾಡೋಕೆ ಇಳಿದವರು ಸತ್ರು ಅನ್ನೋ ಸುದ್ದಿಯಲ್ಲಿ ಯಾವಾಗಲೂ ಇಬ್ಬರು ಮೂವರು ಒಟ್ಟಿಗೆ ಸತ್ತಿರ್ತಾರೆ. ಒಬ್ಬರಿಗೆ ಹಂಗಾದ್ರೆ ಇನ್ನೊಬ್ಬರು ಯಾಕೆ ಇಳೀತಾರೆ? ವಾಸನೆ ಬಂದ ತಕ್ಷಣ ಮೇಲೆ ಬರೋಕಾಗಲ್ವಾ?

ಉತ್ತರ: ಮಗಳೇ, ಆ ಗ್ಯಾಸಿನ ಮೋಸ ಇರೋದೇ ವಾಸನೆಯಲ್ಲಿ. ಹೈಡ್ರೋಜನ್ ಸಲ್ಫೈಡ್ ಸ್ವಲ್ಪ ಇದ್ರೆ ಮೂಗು ಹಿಡಿಯುವಷ್ಟು ನಾರತ್ತೆ. ಗಾಳಿಯ ಹತ್ತು ಲಕ್ಷ ಪಾಲಲ್ಲಿ ಅದು 100 ಪಾಲು ಆದ್ರೆ ಕೆಲವೇ ನಿಮಿಷದಲ್ಲಿ ಮೂಗಿನ ಶಕ್ತಿನೇ ಸತ್ತುಹೋಗತ್ತೆ, ವಾಸನೆ ನಿಂತಿತು, ಗಾಳಿ ಚೆನ್ನಾಗಾಯ್ತು ಅಂತ ಇಳಿದವನು ಅಂದ್ಕೋತಾನೆ. ಅದೇ 1,000 ಪಾಲಿನ ಹತ್ತಿರ ಹೋದ್ರೆ ಒಂದೆರಡು ಉಸಿರಿಗೇ ಎಚ್ಚರ ತಪ್ಪತ್ತೆ. ಇದು ಗಾಳಿಗಿಂತ ಭಾರ, ತಳದಲ್ಲೇ ಕೂತಿರತ್ತೆ, ಕೆಸರು ಕದಡಿದ ಕೂಡ್ಲೇ ಬುಗ್ಗೆಯಾಗಿ ಎದ್ದು ಬರತ್ತೆ. ಮೇಲೆ ನಿಂತವನಿಗೆ ಕಾಣೋದು ಏನಂದ್ರೆ ತಮ್ಮನೋ ಜೊತೆಗಾರನೋ ಕಾಲು ಜಾರಿ ಬಿದ್ದ ಅಂತ, ಕೈ ಕೊಡೋಕೆ ಇಳೀತಾನೆ. ಕಣ್ಣೆದುರು ನಮ್ಮವರು ಬಿದ್ರೆ ಯಾರೂ ಯೋಚನೆ ಮಾಡ್ತಾ ನಿಲ್ಲಲ್ಲ. ಹಂಗೇ ಎರಡು, ಮೂರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು ನಿಲ್ಲಿಸೋ ಗುಂಡಿ, ಗೋಬರ್ ಗ್ಯಾಸ್ ಗುಂಡಿ, ಮುಚ್ಚಿಟ್ಟ ಹಳೇ ಬಾವಿ, ಇವೂ ಅಷ್ಟೇ ಅಪಾಯ, ನಿಮ್ಮ ಮನೆಯಲ್ಲಿ ತೋಟ ಇದ್ರೆ ದಯವಿಟ್ಟು ಎಲ್ಲರಿಗೂ ಹೇಳು. ಯಾರಾದ್ರೂ ಬಿದ್ರೆ ಇಳೀಬೇಡಿ, 112ಕ್ಕೆ ಫೋನ್ ಮಾಡಿ ಫೈರ್ ಸರ್ವಿಸ್‌ನವರನ್ನ ಕರೀರಿ, ಅವರ ಹತ್ತಿರ ಬೆನ್ನಿಗೆ ಕಟ್ಟೋ ಗಾಳಿ ಸಿಲಿಂಡರ್ ಇರತ್ತೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೂರಲ್ಲಿ ನೋಡಿದ್ದು ಹೇಳ್ತೀನಿ. ಬೆಳಿಗ್ಗೆ ಆರೂವರೆ ಇರಬಹುದು, ಹಾರೆಯ ತುದಿ ಸಿಕ್ಕಿಸಿ ಮುಚ್ಚಳ ಎಬ್ಬಿಸಿದ್ರು, ಬಿಸಿ ಹಬೆ ಮುಖಕ್ಕೆ ಹೊಡೀತು, ಗೋಡೆ ತುಂಬ ಜಿರಲೆ ಚರಚರ ಸರಿದವು. ಸೀಸದ ದ್ರಾವಣದಲ್ಲಿ ಅದ್ದಿದ ಕಾಗದದ ಚೂರು ದಾರಕ್ಕೆ ಕಟ್ಟಿ ಇಳಿಬಿಡೋದು ಆಗಿನ ಪರೀಕ್ಷೆ, ಕಪ್ಪಾದ್ರೆ ಗ್ಯಾಸು ಉಂಟು ಅಂತ. ಹಿಂದಿನ, ಮುಂದಿನ ಗುಂಡಿಗಳ ಮುಚ್ಚಳನೂ ತೆಗೆದು ಒಂದು ಗಂಟೆ ಗಾಳಿಯಾಡೋಕೆ ಬಿಡಬೇಕು ಅಂತ ಪುಸ್ತಕದಲ್ಲಿತ್ತು. ಆವತ್ತು ಅರ್ಧ ಗಂಟೆನೂ ಬಿಡಲಿಲ್ಲ, ಹತ್ತು ಗಂಟೆಗೆ ಮೊದಲು ರಸ್ತೆ ಬಿಡಿಸಬೇಕಿತ್ತು. ಇಳಿಯೋ ಅಣ್ಣ ಚಪ್ಪಲಿ ಬಿಚ್ಚಿ ಗುಂಡಿ ಪಕ್ಕ ಜೋಡಿಸಿಟ್ಟ, ವಾಚು ಬಿಚ್ಚಿ ಎಡಗಾಲಿನ ಚಪ್ಪಲಿ ಮೇಲಿಟ್ಟ, ಸೊಂಟಕ್ಕೆ ಹಗ್ಗ ಕಟ್ಕೊಂಡು ಇಳಿದ. ಹಗ್ಗದ ಇನ್ನೊಂದು ತುದಿ ಅವನ ಭಾಮೈದನ ಕೈಲಿತ್ತು. ನಾನು ಕೈಲಿ ನೋಟ್‌ಬುಕ್ ಹಿಡ್ಕೊಂಡು ಆ ವಾಚು ನೋಡ್ತಾ ನಿಂತಿದ್ದೆ, ಹನ್ನೊಂದು ನಿಮಿಷ ಆದ ಮೇಲೆ ಮೇಲೆ ಬಂದ, ಕಣ್ಣು ಕೆಂಪಗೆ, ಮೊದಲು ಕೇಳಿದ್ದು ನೀರು. ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಆ ವಾಚು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಂಗಿದೆ.

ಈ ಕೆಲಸ ಯಾರ ಪಾಲಿಗೆ ಬಂತು ಅನ್ನೋದು ಜಾತಿಯ ವಿಷಯ, ಅದನ್ನ ಮುಚ್ಚಿಟ್ಟು ಮಾತಾಡೋಕಾಗಲ್ಲ. ನಮ್ಮ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಬೇಕು ಅಂತ 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಹಟ ಹಿಡಿದು ನಿಷೇಧ ತಂದ್ರು. ಕೆಜಿಎಫ್‌ನಲ್ಲಿ ಅದೇ ಕೆಲಸದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ದೇಶ ಪೂರ್ತಿ ಇದಕ್ಕಾಗಿ ಹೋರಾಡಿದ್ರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2013ರ ಕಾನೂನು ಪ್ರಕಾರ ರಕ್ಷಣೆ ಇಲ್ಲದೆ ಸೀವರಿಗೋ ಸೆಪ್ಟಿಕ್ ಟ್ಯಾಂಕಿಗೋ ಮನುಷ್ಯನನ್ನ ಇಳಿಸಿದ್ರೆ, ಇಳಿಸಿದವರು ಯಾರೇ ಆಗಲಿ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸತ್ತವರ ಮನೆಗೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತ್ತು, 2023ರ ಅಕ್ಟೋಬರಲ್ಲಿ ಅದನ್ನ 30 ಲಕ್ಷ ಮಾಡಿತು. ಇಷ್ಟಾದ್ರೂ ಸಾವಿನ ಸುದ್ದಿ ನಿಂತಿಲ್ಲ. ಮಷಿನ್ ಇಲ್ಲ ಅನ್ನೋ ಹಾಗಿಲ್ಲ ಈಗ, ಜೋರಾಗಿ ನೀರು ಚಿಮ್ಮಿಸಿ ಕಟ್ಟಿದ್ದು ಬಿಡಿಸೋ ಜೆಟ್ಟಿಂಗ್ ಮಷಿನ್, ಕೆಸರು ಹೀರೋ ಸಕ್ಕಿಂಗ್ ಮಷಿನ್ ಉಂಟು, ಪಕ್ಕದ ಕೇರಳದ ಹುಡುಗರು ಬ್ಯಾಂಡಿಕೂಟ್ ಅಂತ ಒಂದು ರೋಬೋ ಮಾಡಿದಾರೆ, 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಸಿದ್ರು, ಅದು ಗುಂಡಿಯೊಳಗೆ ಕಾಲು ಊರಿ ನಿಂತು ಕೆಸರು ಬಾಚಿ ಬಕೆಟ್ಟಲ್ಲಿ ಮೇಲೆ ಕೊಡತ್ತೆ. ನೀನು ಸೈನ್ಸ್ ಓದ್ತಿದೀಯ, ನಮ್ಮ ಗುಡ್ಡದ ಕಿರಿದಾದ ಓಣಿಗೆ ಲಾರಿ ಹೋಗಲ್ಲ, ಅಂಥ ಕಡೆ ಇಬ್ಬರು ತಳ್ಳಿಕೊಂಡು ಹೋಗುವಂಥ ಸಣ್ಣ ಮಷಿನ್ ಬೇಕು, ಆ ಕಡೆ ತಲೆ ಓಡಿಸು. ಆಳುಗುಂಡಿ ಅನ್ನೋ ಹೆಸರಿಂದ ಆಳು ಹೋಗಬೇಕು.

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದು ನಾಲ್ಕು ರೂಮಿನ ಹೋಂಸ್ಟೇ. ಮಳೆಗಾಲ ಬಂದ್ರೆ ಟಾಯ್ಲೆಟ್ಟು ಗುಳುಗುಳು ಅಂತ ವಾಪಸ್ ಬರತ್ತೆ, ಹೋದ ವರ್ಷ ಕಕ್ಕಡದಲ್ಲಿ, ಅಂದ್ರೆ ಜುಲೈ-ಆಗಸ್ಟಿನ ಜಡಿಮಳೇಲಿ, ಗುಂಡಿ ಮೇಲಿನ ಸ್ಲ್ಯಾಬಿನ ಸಂದಿಯಿಂದ ನೀರು ಉಕ್ಕಿ ಅಂಗಳಕ್ಕೆ ಬಂತು. ಗೆಸ್ಟ್ ಮುಂದೆ ಮರ್ಯಾದೆ ಹೋಯ್ತು. ಮೂರು ಸಾವಿರ ಕೊಟ್ರೆ ಇಳಿದು ಖಾಲಿ ಮಾಡ್ತೀನಿ ಅಂತ ಒಬ್ರು ಬಂದಿದಾರೆ, ಮಾಡಿಸಲಾ? ಹೆಸರು ಹಾಕಬೇಡಿ.

ಉತ್ತರ: ಅಕ್ಕ, ಮಾಡಿಸಬೇಡಿ. ಮೇಲಿನ ಉತ್ತರ ಓದಿದ ಮೇಲೆ ನಿಮಗೇ ಬೇಡ ಅನ್ನಿಸತ್ತೆ, ಜೈಲಿನ ಮಾತು ಆಮೇಲೆ, ಮೂರು ಸಾವಿರಕ್ಕೆ ಒಬ್ಬರ ಜೀವ ನಿಮ್ಮ ಹಿತ್ತಲಲ್ಲಿ ಹೋಗೋದು ಬೇಡ. ಸಕ್ಕಿಂಗ್ ಲಾರಿ ತರಿಸಿ, ಅಂಗಳಕ್ಕೆ ಬರದಿದ್ರೆ ಉದ್ದ ಹೋಸ್ ತರೋಕೆ ಹೇಳಿ, ಅದನ್ನ ಎಲ್ಲಿ ಸುರೀತೀರಿ ಅಂತಲೂ ಕೇಳಿ, ಕೊಲ್ಲಿಗೆ ಸುರಿಯೋರಾದ್ರೆ ಬೇಡ ಅನ್ನಿ. ಏಪ್ರಿಲ್ ಮೇನಲ್ಲಿ, ಮಳೆ ಹಿಡಿಯೋ ಮೊದಲು ತೆಗೆಸಬೇಕು, ಎರಡು ಮೂರು ವರ್ಷಕ್ಕೊಂದು ಸಲ, ಹೋಂಸ್ಟೇ ಆದ್ರೆ ಎರಡೇ ವರ್ಷಕ್ಕೆ.

ಆದ್ರೆ ನಿಮ್ಮ ತೊಂದರೆಯ ಬೇರು ಬೇರೆ ಕಡೆ ಇರೋ ಹಾಗಿದೆ. ನಿಮ್ಮ ಮಾಡಿನ, ಅಂದ್ರೆ ಛಾವಣಿಯ ನೀರಿನ ಪೈಪು ಎಲ್ಲಿಗೆ ಹೋಗತ್ತೆ ಅಂತ ಹೋಗಿ ನೋಡಿ. ನೂರಕ್ಕೆ ಎಂಬತ್ತು ಪಾಲು ಅದು ಆ ಗುಂಡಿಗೋ, ಪಕ್ಕದ ಇಂಗುಗುಂಡಿಗೋ ಸೇರಿರತ್ತೆ ಅಂತ ನನ್ನ ಅನುಭವ. ಲೆಕ್ಕ ನೋಡಿ, ಸಾವಿರ ಚದರಡಿ ಮಾಡಿನ ಮೇಲೆ ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ರೆ, ನಮ್ಮಲ್ಲಿ ಜುಲೈನಲ್ಲಿ ಅದೇನು ವಿಶೇಷ ಅಲ್ಲ, 9,000 ಲೀಟರಿಗೂ ಹೆಚ್ಚು ನೀರು. ನಾಲ್ಕು ಜನರ ಮನೆಯಿಂದ ದಿನಕ್ಕೆ ಹೋಗೋ ಹೇಸಿಗೆ ನೀರು ಸುಮಾರು 430 ಲೀಟರ್. ಅಂದ್ರೆ ನಿಮ್ಮ ಒಂದು ಮಾಡಿನ ಒಂದು ದಿನದ ಮಳೆ ಇಪ್ಪತ್ತು ಮನೆಯ ಕೊಳಚೆಗೆ ಸಮ. ಯಾವ ಗುಂಡಿ ತಡೆಯತ್ತೆ? ನಾಳೆ ಒಳಚರಂಡಿ ಬಂದ ಮೇಲೂ ಮಾಡಿನ ನೀರು ಅದಕ್ಕೆ ಬಿಟ್ರೆ ಇದೇ ಗತಿ, ತಗ್ಗಿನ ಓಣಿಯಲ್ಲಿ ನೂರು ಕೆಜಿ ಮುಚ್ಚಳನೂ ತೇಲಿ ಎದ್ದು ಕಾರಂಜಿ ಹೊಡೆಯತ್ತೆ. ಮಾಡಿನ ನೀರು ಬೇರೆ ಕಾಲುವೆಗೆ ಬಿಡಿ, ಸಾಧ್ಯ ಆದ್ರೆ ಟ್ಯಾಂಕಿಗೆ ಹಿಡೀರಿ. ಕಕ್ಕಡದಲ್ಲಿ ಭೂಮಿಯೇ ನೀರು ಕುಡಿದು ತುಂಬಿರತ್ತೆ, ಇಂಗುಗುಂಡಿಗೆ ಇಂಗಿಸೋಕೆ ಜಾಗ ಇರಲ್ಲ, ಅದಕ್ಕೆ ಇಂಗುಗುಂಡಿ ಮನೆಯ ಎತ್ತರದ ಬದಿ ಇರಬಾರದು, ಬಾವಿಯಿಂದ 60 ಅಡಿಯಾದ್ರೂ ದೂರ, ಬಾವಿಗಿಂತ ಕೆಳಗೆ ಇರಬೇಕು.

ಇನ್ನೊಂದು, ಅಡುಗೆಮನೆ ನೀರು. ಪಂದಿ ಕರಿ ಮಾಡಿದ ಪಾತ್ರೆಯ ಜಿಡ್ಡು ಬಿಸಿ ನೀರಲ್ಲಿ ಕರಗಿ ಹೋಗತ್ತೆ, ಹತ್ತಡಿ ಆಚೆ ಪೈಪು ತಣ್ಣಗಾದಾಗ ಅಲ್ಲೇ ಮೇಣದ ಹಂಗೆ ಗಟ್ಟಿಯಾಗತ್ತೆ. ಲಂಡನ್ನಲ್ಲಿ 2017ರಲ್ಲಿ ಹೀಗೇ ಎಣ್ಣೆ ಜಿಡ್ಡು, ಒರೆಸೋ ವೈಪ್ಸು ಸೇರಿ 250 ಮೀಟರ್ ಉದ್ದ, 130 ಟನ್ನಿನ ಗಡ್ಡೆ ಸೀವರಲ್ಲಿ ಕಟ್ಕೊಂಡು ಅದನ್ನ ಒಡೆಯೋಕೆ ವಾರಗಟ್ಟಲೆ ಹಿಡೀತು. ಪಾತ್ರೆಯ ಜಿಡ್ಡು ಮೊದಲು ಬೂದಿಯಲ್ಲೋ ಪೇಪರಲ್ಲೋ ಒರೆಸಿ ತೆಗೀರಿ, ಸಿಂಕಿನ ಹೊರಗೆ ಎರಡಡಿಯ ಒಂದು ಜಿಡ್ಡಿನ ಚೇಂಬರ್ ಕಟ್ಟಿಸಿ, ವಾರಕ್ಕೊಂದು ಸಲ ಮೇಲೆ ತೇಲಿದ್ದು ತೆಗೆದು ಮಣ್ಣಲ್ಲಿ ಹೂಳಿ.

ಪ್ರಶ್ನೆ: ನಾನು ಸೋಮವಾರಪೇಟೆ, ಆರನೇ ಕ್ಲಾಸ್. ಜಪಾನಲ್ಲಿ ಮ್ಯಾನ್‌ಹೋಲ್ ಮುಚ್ಚಳಕ್ಕೆ ಬಣ್ಣ ಹಾಕ್ತಾರೆ ಅಂತೆ, ನಿಜವಾ ಅಜ್ಜ?

ಉತ್ತರ: ನಿಜ ಪುಟ್ಟಿ. ಅಲ್ಲಿ ಒಂದೊಂದು ಊರಿನವರು ತಮ್ಮೂರಿನ ಹೂವು, ಕೋಟೆ, ಹಬ್ಬ, ಮೀನು ಹೀಗೆ ಏನು ಹೆಸರಾಗಿದೆಯೋ ಅದನ್ನ ಎರಕದಲ್ಲಿ ಮೂಡಿಸಿ ಬಣ್ಣ ತುಂಬ್ತಾರೆ. 1980ರ ದಶಕದಲ್ಲಿ ಒಳಚರಂಡಿಗೆ ಹಣ ಹಾಕೋಕೆ ಜನ ಒಪ್ಪಲಿ, ಅದರ ಮೇಲೆ ಪ್ರೀತಿ ಬರಲಿ ಅಂತ ಇದು ಎಲ್ಲಾ ಕಡೆ ಹಬ್ಬಿತು. 2016ರಿಂದ ಮುಚ್ಚಳದ ಚಿತ್ರ ಇರೋ ಕಾರ್ಡು ಪುಕ್ಕಟೆ ಕೊಡ್ತಾರೆ, ಆದ್ರೆ ಆ ಊರಿಗೇ ಹೋಗಿ ತಗೋಬೇಕು, ಜನ ಕಾರ್ಡಿಗೋಸ್ಕರ ಊರೂರು ಸುತ್ತುತಾರೆ. ನಿಮ್ಮೂರಿನ ಮುಚ್ಚಳ ಹೆಂಗಿರಬೇಕು ಅಂತ ನೀನೊಂದು ಚಿತ್ರ ಬರೆದು ಕಳಿಸು, ಕಾಫಿ ಹೂವು ಹಾಕ್ತೀಯೋ ಆನೆ ಹಾಕ್ತೀಯೋ ನಿನ್ನಿಷ್ಟ, ಮುಂದಿನ ತಿಂಗಳು ಇದೇ ಪುಟದಲ್ಲಿ ಹಾಕೋಣ.

ಪ್ರಶ್ನೆ: ಮಗನನ್ನ ನೋಡೋಕೆ ಒಂದು ದೊಡ್ಡ ಊರಿಗೆ ಹೋಗಿದ್ದೆ, ಸಂಜೆ ಮಳೇಲಿ ಮುಚ್ಚಳ ಇಲ್ಲದ ಗುಂಡಿಗೆ ಒಂದು ಗೇಣು ತಪ್ಪಿತು. ಯಾರೋ ಕದ್ದಿದಾರೆ ಅಂತಾರೆ. ಕದ್ದು ಏನು ಮಾಡ್ತಾರೆ? (ಸುಂಟಿಕೊಪ್ಪದ ನಿವೃತ್ತ ಮೇಷ್ಟ್ರು)

ಉತ್ತರ: ಮೇಷ್ಟ್ರೇ, ಗುಜರಿಗೆ ಹಾಕ್ತಾರೆ, ಬೀಡಿನ ಕಬ್ಬಿಣಕ್ಕೆ ತೂಕದ ಲೆಕ್ಕದಲ್ಲಿ ದುಡ್ಡು. ಇದೇ ಕಾರಣಕ್ಕೆ ನಮ್ಮ ದೇಶದಲ್ಲಿ ಉಕ್ಕಿನ ನಾರು ಸೇರಿಸಿದ ಕಾಂಕ್ರೀಟ್ ಮುಚ್ಚಳ ಜಾಸ್ತಿಯಾಯ್ತು, ಕದ್ರೂ ಕಾಸು ಹುಟ್ಟಲ್ಲ, ಆದ್ರೆ ಅಂಚು ಒಡೆದ್ರೆ ಅದೂ ಒಂದಿನ ಒಳಗೆ ಬೀಳತ್ತೆ. ಕೆಲವು ಕಡೆ ಕದ್ದಿದ್ದಲ್ಲ, ನೀರು ನಿಂತಾಗ ಬೇಗ ಇಳೀಲಿ ಅಂತ ಜನರೇ ತೆಗೆದಿಡ್ತಾರೆ. ಮುಂಬೈಯಲ್ಲಿ 2017ರ ಆಗಸ್ಟ್ 29ರ ದೊಡ್ಡ ಮಳೇಲಿ ಹಿರಿಯ ಡಾಕ್ಟರೊಬ್ಬರು ನಡೆದು ಮನೆಗೆ ಹೋಗ್ತಾ ಅಂಥ ತೆರೆದ ಗುಂಡಿಗೆ ಬಿದ್ದು ತೀರಿಕೊಂಡ್ರು. ಅದಾದ ಮೇಲೆ ಮುಚ್ಚಳದ ಅಡಿಯಲ್ಲಿ ಇನ್ನೊಂದು ಕಬ್ಬಿಣದ ಜಾಲರಿ ಇರಲೇಬೇಕು ಅನ್ನೋ ಮಾತು ಜೋರಾಯ್ತು, ಮುಚ್ಚಳ ಹೋದ್ರೂ ಮನುಷ್ಯ ಒಳಗೆ ಹೋಗಲ್ಲ, ಪ್ರತಿ ಊರಲ್ಲೂ ಹಾಕಿಸಬೇಕಾದದ್ದು ಅದು.

ನಿಂತ ನೀರಲ್ಲಿ ನಡೆಯೋದಾದ್ರೆ ಕೊಡೆ ಮಡಚಿ ಅದರ ತುದಿಯಿಂದ ಮುಂದಿನ ಹೆಜ್ಜೆ ತಡವಿ ಆಮೇಲೆ ಕಾಲಿಡಿ, ಒದ್ದೆಯಾದ್ರೂ ಚಿಂತೆ ಇಲ್ಲ. ನೀರು ಒಂದು ಕಡೆ ಸುಳಿ ಸುತ್ತುತಾ ಇದ್ರೆ ಅತ್ತ ಹೋಗಲೇಬೇಡಿ. ತೆರೆದ ಗುಂಡಿ ಕಂಡ್ರೆ ಮೊದಲು ಹತ್ತಿರದ ಮರದ ಒಂದು ಎಲೆ ತುಂಬಿದ ಕೊಂಬೆ ಮುರಿದು ಅದರಲ್ಲಿ ನೆಟ್ಟಗೆ ನಿಲ್ಲಿಸಿ, ಸಿಕ್ರೆ ಕೆಂಪು ಬಟ್ಟೆ ಕಟ್ಟಿ, ದೂರದಿಂದಲೇ ಕಾಣೋ ಹಾಗೆ. ಆಮೇಲೆ ಫೋಟೋ ತೆಗೆದು ನಗರಸಭೆಗೋ ಪಂಚಾಯ್ತಿಗೋ ಫೋನ್ ಮಾಡಿ. ಅವರು ಬರೋ ತನಕ ಅಲ್ಲೇ ಅಂಗಡಿಯವರಿಗೆ ಒಂದು ಮಾತು ಹೇಳಿ ಹೋಗಿ, ಶಾಲೆ ಬಿಡೋ ಹೊತ್ತಾದ್ರೆ ನೀವೇ ಸ್ವಲ್ಪ ನಿಂತುಬಿಡಿ.